ಬಾಬಾಸಾಹೇಬರ ಮೇಷ್ಟ್ರಿಗೆ ಚಿತ್ರಕಾರರು ಹೇಳಿಕೊಟ್ಟ ಪಾಠ

ಜಾನ್ ಡ್ಯೂಯಿ ಎಂಬ ಹೆಸರು ನಮ್ಮ ಕಡೆ ಎರಡು ಜಾಗದಲ್ಲಿ ಕೇಳಿಬರುತ್ತದೆ. ಒಂದು, ಮೇಷ್ಟ್ರಾಗಲು ಓದುವವರ ಪಠ್ಯಪುಸ್ತಕದಲ್ಲಿ. ಅಲ್ಲಿ ಡ್ಯೂಯಿ ಅಂದರೆ 'ಮಾಡಿ ಕಲಿ' ಎಂಬ ಎರಡು ಅಂಕದ ಪ್ರಶ್ನೆ. ಇನ್ನೊಂದು, ನಮ್ಮ ಸಭೆಗಳಲ್ಲಿ. ಅಲ್ಲಿ ಡ್ಯೂಯಿ ಅಂದರೆ ಬಾಬಾಸಾಹೇಬರಿಗೆ ಅಮೆರಿಕದಲ್ಲಿ ಪಾಠ ಹೇಳಿದವರು. 1913ರಿಂದ 1916ರವರೆಗೆ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಡ್ಯೂಯಿಯವರ ತರಗತಿಗಳಲ್ಲಿ ಕೂತರು, 1936ರ 'ಜಾತಿ ವಿನಾಶ'ದಲ್ಲಿ ಆ ಗುರುವಿನ ಋಣವನ್ನು ಬಾಯಿಬಿಟ್ಟು ನೆನೆದರು. ಇಷ್ಟು ನಮಗೆ ಗೊತ್ತು. ಆದರೆ ಈ ಮೇಷ್ಟ್ರು ಕಲೆಯ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆ, ಅದನ್ನು ಬರೆಯುವುದಕ್ಕೆ ಮುಂಚೆ ವರ್ಷಗಟ್ಟಲೆ ಚಿತ್ರಕಾರರ ಕೆಲಸದ ಮುಂದೆ ಶಿಷ್ಯನ ಹಾಗೆ ನಿಂತಿದ್ದರು ಎಂಬ ಸಂಗತಿ ನಮ್ಮ ಚರ್ಚೆಗೆ ಬಂದದ್ದು ಕಡಿಮೆ.

ಅದು ಬರಬೇಕು. ಯಾಕೆಂದರೆ ನಮ್ಮ ಎರಡು ಹಳೇ ಜಗಳಗಳಿಗೆ ಆ ಪುಸ್ತಕ ನೇರವಾಗಿ ಸಂಬಂಧಪಟ್ಟಿದೆ. ಮೊದಲನೆಯದು ಸಾಹಿತ್ಯದವರ ಜಗಳ. ಕೇರಿಯ ಹುಡುಗನೊಬ್ಬ ಪದ್ಯ ಬರೆದರೆ 'ಕಿಚ್ಚು ಇದೆ, ಕಲೆ ಇಲ್ಲ' ಅನ್ನುವವರು ಇವತ್ತಿಗೂ ಇದ್ದಾರೆ. ಅವರ ಪಾಲಿಗೆ ಆಕೃತಿ ಅಂದರೆ ಮಡಿ, ಆಶಯ ಅಂದರೆ ಮೈಲಿಗೆ. ಅದಕ್ಕೆ ಉತ್ತರವಾಗಿ ನಮ್ಮವರಲ್ಲೇ ಕೆಲವರು 'ಆಕೃತಿ, ಬಣ್ಣ, ಲಯ ಎಲ್ಲ ಹೊಟ್ಟೆ ತುಂಬಿದವರ ಚಟ, ನಮಗೆ ವಿಷಯ ಒಂದಿದ್ದರೆ ಸಾಕು' ಅಂತಾರೆ. ಎರಡನೆಯದು ಕೇರಿಯ ಜಗಳ. ತಮಟೆ ಬಡಿಯಬೇಕೋ, ಬಿಡಬೇಕೋ ಎಂಬುದು. ಚಾಮರಾಜನಗರ, ಗುಂಡ್ಲುಪೇಟೆ ಸುತ್ತಿನ ಕೇರಿಗಳಲ್ಲಿ ಈ ಮಾತು ತೆಗೆದು ನೋಡಿ, ಒಂದೇ ಮನೆಯಲ್ಲಿ ಅಪ್ಪ ಒಂದು ಪಕ್ಷ, ಮಗ ಒಂದು ಪಕ್ಷ ಆಗಿರುತ್ತಾರೆ. ಈ ಎರಡೂ ಜಗಳದ ಬುಡದಲ್ಲಿ ಇರುವ ಪ್ರಶ್ನೆ ಒಂದೇ: ಕಲೆ ಎಂಬುದು ದುಡಿಮೆಯಿಂದ ಬೇರೆಯಾದ ಒಂದು ಮೇಲಿನ ವಸ್ತುವೋ, ಅಥವಾ ದುಡಿಮೆಯ ಹೊಟ್ಟೆಯಿಂದಲೇ ಹುಟ್ಟಿದ್ದೋ?

ಕತೆ ಒಬ್ಬ ಔಷಧಿ ತಯಾರಕನಿಂದ ಶುರುವಾಗುತ್ತದೆ. ಅವನ ಹೆಸರು ಆಲ್ಬರ್ಟ್ ಬಾರ್ನ್ಸ್. 1872ರಲ್ಲಿ ಫಿಲಡೆಲ್ಫಿಯಾ ನಗರದ ಬಡ ಕಾರ್ಮಿಕರ ಕೇರಿಯಲ್ಲಿ ಹುಟ್ಟಿದವನು. ಅಪ್ಪ ಮಾಂಸದಂಗಡಿಯ ಕೆಲಸಗಾರ, ಅಮೆರಿಕದ ಅಂತರ್ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡವನು. ಬಾರ್ನ್ಸ್ ವೈದ್ಯಕೀಯ ಓದಿ, ಆರ್ಜಿರಾಲ್ ಎಂಬ ಔಷಧಿ ತಯಾರಿಸಿ ಮಾರಿ ಭಾರೀ ಶ್ರೀಮಂತನಾದ. ಶ್ರೀಮಂತನಾದ ಮೇಲೆ 1912ರಲ್ಲಿ ತನ್ನ ಹೈಸ್ಕೂಲಿನ ಗೆಳೆಯ, ಚಿತ್ರಕಾರ ವಿಲಿಯಂ ಗ್ಲಾಕೆನ್ಸ್‌ನ ಕೈಗೆ 20,000 ಡಾಲರ್ ಕೊಟ್ಟು, ಪ್ಯಾರಿಸ್ಸಿಗೆ ಹೋಗಿ ಒಳ್ಳೇ ಹೊಸ ಚಿತ್ರ ತಗೊಂಡು ಬಾ ಎಂದು ಕಳಿಸಿದ. ಸೆಜಾನ್, ರೆನ್ವಾ, ವ್ಯಾನ್ ಗೋ ಇವರ ಚಿತ್ರಗಳು ಹೀಗೆ ಅವನ ಮನೆಗೆ ಬಂದವು. ಆ ಚಿತ್ರಗಳನ್ನು ಅವನು ತನ್ನ ಕಾರ್ಖಾನೆಯ ಗೋಡೆಗೂ ನೇತುಹಾಕಿದ. ಅಲ್ಲಿದ್ದ ಕೆಲಸಗಾರರು ಹೆಚ್ಚು ಜನ ಇರಲಿಲ್ಲ, ಇಪ್ಪತ್ತರ ಆಸುಪಾಸು. ಕರಿಯರೂ ಬಿಳಿಯರೂ, ಗಂಡಸರೂ ಹೆಂಗಸರೂ ಇದ್ದರು. ದಿನಕ್ಕೆ ಆರು ಗಂಟೆ ಕೆಲಸ, ಎರಡು ಗಂಟೆ ಓದು ಮತ್ತು ಚರ್ಚೆ. ಸಂಬಳ ಎಂಟು ಗಂಟೆಗೂ ಉಂಟು.

ಬಾಬಾಸಾಹೇಬರು ಕೊಲಂಬಿಯಾ ಬಿಟ್ಟು ಲಂಡನ್ನಿಗೆ ಹೋದದ್ದು 1916ರಲ್ಲಿ. ಮರುವರ್ಷವೇ, 1917ರಲ್ಲಿ, ನಲವತ್ತೈದು ವಯಸ್ಸಿನ ಈ ಬಾರ್ನ್ಸ್ ಬಂದು ಅದೇ ಡ್ಯೂಯಿಯವರ ತರಗತಿಯಲ್ಲಿ ವಿದ್ಯಾರ್ಥಿಯಾಗಿ ಕೂತ. ಒಬ್ಬರು ಹೋದ ಬಾಗಿಲಲ್ಲಿ ಇನ್ನೊಬ್ಬ ಬಂದ ಹಾಗೆ. ಒಬ್ಬ ಶಿಷ್ಯರು ಮೇಷ್ಟ್ರ ಪಾಠವನ್ನು 1927ರಲ್ಲಿ ಮಹಾಡದ ಕೆರೆಯ ದಂಡೆಗೆ ಒಯ್ದರು. ಇನ್ನೊಬ್ಬ ಶಿಷ್ಯ ಮೇಷ್ಟ್ರನ್ನೇ ಕೈಹಿಡಿದು ಚಿತ್ರಗಳ ಮುಂದೆ ಒಯ್ದು ನಿಲ್ಲಿಸಿದ. ಬಾರ್ನ್ಸ್ 1922ರಲ್ಲಿ ಫಿಲಡೆಲ್ಫಿಯಾ ಪಕ್ಕದ ಮೆರಿಯನ್ ಎಂಬಲ್ಲಿ ಒಂದು ಪ್ರತಿಷ್ಠಾನ ಕಟ್ಟಿದ. ಅದು ಮ್ಯೂಸಿಯಂ ಅಲ್ಲ, ಶಾಲೆ ಎಂಬುದು ಅವನ ಹಟ. ಅಲ್ಲಿನ ಶಿಕ್ಷಣಕ್ಕೆ ಮೊದಲ ನಿರ್ದೇಶಕರು ಡ್ಯೂಯಿ. 1925ರಲ್ಲಿ ಬಾರ್ನ್ಸ್ ಚಿತ್ರಕಲೆಯ ಬಗ್ಗೆ ಒಂದು ಪುಸ್ತಕ ಬರೆದು ಡ್ಯೂಯಿಯವರಿಗೆ ಅರ್ಪಿಸಿದ. ಇಬ್ಬರೂ ಕೂಡಿ ಯುರೋಪಿನ ಚಿತ್ರಶಾಲೆಗಳನ್ನು ಸುತ್ತಿದರು. 1931ರಲ್ಲಿ ಡ್ಯೂಯಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲೆಯ ಬಗ್ಗೆ ಹತ್ತು ಉಪನ್ಯಾಸ ಕೊಟ್ಟರು. ಅದೇ ಬೆಳೆದು 1934ರಲ್ಲಿ 'ಆರ್ಟ್ ಆ್ಯಸ್ ಎಕ್ಸ್‌ಪೀರಿಯನ್ಸ್' ಎಂಬ ಪುಸ್ತಕವಾಯಿತು. ಕಲೆ ಎಂದರೆ ಅನುಭವ ಎಂಬುದು ಹೆಸರಿನ ಅರ್ಥ. ಆಗ ಅವರಿಗೆ ಎಪ್ಪತ್ತೈದು ವರ್ಷ. ಪುಸ್ತಕವನ್ನು ಬಾರ್ನ್ಸ್‌ಗೆ ಅರ್ಪಿಸಿದರು. ಗುರು ಶಿಷ್ಯನಿಗೆ, ಶಿಷ್ಯ ಗುರುವಿಗೆ. ನಮ್ಮ ದೇಶದ ಗುರುಪರಂಪರೆಯಲ್ಲಿ ಶಿಷ್ಯನ ಹೆಬ್ಬೆರಳು ಕೇಳಿದ್ದುಂಟು, ಶಿಷ್ಯನಿಂದ ಕಲಿತೆ ಎಂದು ಗುರು ಬರೆದುಕೊಟ್ಟದ್ದು ಅಪರೂಪ.

ಹಾಗಾದರೆ ಚಿತ್ರಕಾರರಿಂದ ಡ್ಯೂಯಿ ಕಲಿತದ್ದೇನು?

ಮೊದಲು ಸೆಜಾನ್. ಹಳೇ ಯುರೋಪಿನ ಚಿತ್ರಶಾಲೆಗಳಲ್ಲಿ ಒಂದು ಮೇಲುಕೀಳು ಇತ್ತು. ರೇಖೆ ಮೇಲು, ಬಣ್ಣ ಕೀಳು. ರೇಖೆ ಬುದ್ಧಿಯ ಕೆಲಸವಂತೆ, ಬಣ್ಣ ಬರೀ ಇಂದ್ರಿಯದ ಸುಖವಂತೆ. ಮೊದಲು ರೇಖೆಯಲ್ಲಿ ಆಕಾರ ಕಟ್ಟಬೇಕು, ಆಮೇಲೆ ಬಣ್ಣ ತುಂಬಬೇಕು. ಇಂಥ ಮಾತು ನಮಗೆ ಎಲ್ಲೋ ಕೇಳಿದ ಹಾಗಿದೆಯಲ್ಲ? ತಲೆಯಿಂದ ಹುಟ್ಟಿದವನು ಮೇಲು, ಕಾಲಿಂದ ಹುಟ್ಟಿದವನು ಕೀಳು ಎಂಬ ಲೆಕ್ಕದ ಹಾಗೆಯೇ ಇದೂ. ಸೆಜಾನ್ ಈ ಏಣಿಯನ್ನು ಮುರಿದ. ಅವನ ಚಿತ್ರದಲ್ಲಿ ಸೇಬುಹಣ್ಣಿನ ಗುಂಡಗಿನ ಆಕಾರ ಹೊರಗೆರೆಯಿಂದ ಬಂದದ್ದಲ್ಲ. ಕೆಂಪಿನ ಪಕ್ಕ ಕಿತ್ತಳೆ, ಅದರ ಪಕ್ಕ ಹಳದಿ, ನೆರಳಿನ ಕಡೆ ತಣ್ಣಗಿನ ನೀಲಿ, ಹೀಗೆ ಬಣ್ಣಕ್ಕೆ ಬಣ್ಣ ಒತ್ತಿಕೊಂಡು ಆ ಗುಂಡಗು ತಾನಾಗಿ ಏಳುತ್ತದೆ. ಬಣ್ಣ ಸರಿಯಾಗಿ ಕೂತಷ್ಟೂ ಆಕಾರವೂ ಸರಿಯಾಗುತ್ತದೆ, ಎರಡನ್ನೂ ಬಿಡಿಸಿ ಹೇಳಲು ಬಾರದು ಎಂಬುದು ಸೆಜಾನನ ತಿಳಿವಳಿಕೆ. ಡ್ಯೂಯಿ ಈ ತಿಳಿವಳಿಕೆಯನ್ನು ಎತ್ತಿ ತಮ್ಮ ಸಿದ್ಧಾಂತದ ಒಳಗೆ ಕೂರಿಸಿಕೊಂಡರು. ಬಾರ್ನ್ಸ್ ಸಂಗ್ರಹದಲ್ಲಿ ಸೆಜಾನನ ದೊಡ್ಡದೊಂದು ಚಿತ್ರವಿದೆ, ಇಸ್ಪೀಟಾಡುವವರದು. ಅದಕ್ಕೆ ಕೂತವರು ಅವನ ಅಪ್ಪನ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಆಳುಗಳು. ಅಪ್ಪ ಬ್ಯಾಂಕು ನಡೆಸಿದವನು, ಜಮೀನುದಾರ. ಆದರೂ ಮಗನ ಕುಂಚದಲ್ಲಿ ಆ ಕೂಲಿಯವರು ಬೆಟ್ಟದ ಹಾಗೆ ಕೂತಿದ್ದಾರೆ. ಅವರ ಭುಜ, ಅವರ ಅಂಗಿಯ ಮಡಿಕೆ, ಮೇಜು, ಗೋಡೆ ಎಲ್ಲದಕ್ಕೂ ಒಂದೇ ತೂಕ. ಯಾರಿಗೂ ಹೆಚ್ಚಿಲ್ಲ, ಯಾವುದಕ್ಕೂ ಕಡಿಮೆಯಿಲ್ಲ.

ಎರಡನೆಯವನು ಮಾತೀಸ್. ಇವನಿಂದ ಡ್ಯೂಯಿ ಕಲಿತದ್ದು ಸಂಬಂಧದ ಪಾಠ. ಬಿಳೀ ಬಟ್ಟೆಯ ಮೇಲೆ ಒಂದು ಬಣ್ಣ ಇಟ್ಟೆ. ಪಕ್ಕಕ್ಕೆ ಇನ್ನೊಂದು ಇಟ್ಟ ಕೂಡಲೆ ಮೊದಲನೆಯದರ ಬಲ ಇಳಿಯಿತು. ಮೂರನೆಯದು ಬಂದಾಗ ಎರಡೂ ಬದಲಾದವು. ಹೀಗಾಗಿ ಯಾವ ಬಣ್ಣವೂ ಒಂಟಿಯಾಗಿ ಚೆಲುವಲ್ಲ, ಒಂಟಿಯಾಗಿ ಕುರೂಪವೂ ಅಲ್ಲ. ಚಿತ್ರಕಾರ ಪ್ರತಿ ಸಲವೂ ಒಂದು ಮಾಡುತ್ತಾನೆ, ಮಾಡಿದ್ದರ ಫಲವನ್ನು ತಾಳಿಕೊಂಡು ನೋಡುತ್ತಾನೆ, ಆಮೇಲೆ ಮುಂದಿನದು ಮಾಡುತ್ತಾನೆ. ಬಾರ್ನ್ಸ್ ತನ್ನ ಕಟ್ಟಡದ ಕಮಾನುಗಳ ಕೆಳಗೆ ಒಂದು ಭಾರೀ ಚಿತ್ರ ಬರೆದುಕೊಡು ಎಂದು 1930ರಲ್ಲಿ ಮಾತೀಸನನ್ನು ಕೇಳಿದ. ಅದೇ ವರ್ಷ ಮಾತೀಸ್ ಡ್ಯೂಯಿಯವರನ್ನು ಎದುರಿಗೆ ಕೂರಿಸಿಕೊಂಡು ಇದ್ದಿಲಲ್ಲಿ ಅವರ ಮುಖ ಬರೆದ. ಕಮಾನಿನ ಚಿತ್ರದ ಹೆಸರು 'ನೃತ್ಯ'. ಮಾತೀಸ್ ಒಂದು ಸಲ ಪೂರ್ತಿ ಬರೆದ ಮೇಲೆ ಅಳತೆಯೇ ತಪ್ಪಾಗಿದೆ ಎಂದು ಗೊತ್ತಾಯಿತು. ಮತ್ತೆ ಮೊದಲಿಂದ ಬರೆದು 1933ರಲ್ಲಿ ಗೋಡೆಗೆ ಕೂರಿಸಿದ. ಬಣ್ಣದ ಕಾಗದ ಕತ್ತರಿಸಿ, ಅಲ್ಲಿ ಇಟ್ಟು ಇಲ್ಲಿ ಇಟ್ಟು ನೋಡಿ ಕೂಡಿಸುವ ದಾರಿಯನ್ನು ಅವನು ಹಿಡಿದದ್ದು ಈ ಕೆಲಸದಲ್ಲೇ. ಮರಗೆಲಸದವರಿಗೆ, ಗಾರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡ್ಯೂಯಿ ಈ ಮಾಡುವುದು ಮತ್ತು ತಾಳಿಕೊಳ್ಳುವುದು ಎಂಬ ಜೋಡಿಯನ್ನೇ ಅನುಭವ ಎಂದು ಕರೆದರು. ಬರೀ ಮಾಡಿದರೆ ಅದು ಗಡಿಬಿಡಿ. ಬರೀ ತಾಳಿಕೊಂಡರೆ ಅದು ಜಡತ್ವ. ಎರಡೂ ಒಂದಕ್ಕೊಂದು ಉತ್ತರ ಕೊಡುತ್ತಾ ಒಂದು ಕೊನೆ ಮುಟ್ಟಿದಾಗ ಅದು ಪೂರ್ತಿ ಅನುಭವ, ಅದೇ ಕಲೆಯ ಬೀಜ. ಇದನ್ನು ಓದುವಾಗ ನನಗೆ ಮಾತೀಸನಿಗಿಂತ ಮೊದಲು ನೆನಪಾದದ್ದು ತಮಟೆ ಕಾಯಿಸುವವರು. ಹುಲ್ಲು, ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ಚರ್ಮವನ್ನು ಬೆಂಕಿಗೆ ಹಿಡಿಯುತ್ತಾರೆ, ತೆಗೆದು ಬೆರಳಲ್ಲಿ ಕುಟ್ಟಿ ಕಿವಿ ಕೊಡುತ್ತಾರೆ. ಸದ್ದು ಇನ್ನೂ ಹಸಿ. ಮತ್ತೆ ಹಿಡಿಯುತ್ತಾರೆ. ಒಂದು ಚೂರು ಹೆಚ್ಚಾದರೆ ಚರ್ಮ ಸೀಳುತ್ತದೆ, ಕಡಿಮೆಯಾದರೆ ಸದ್ದು ಏಳುವುದಿಲ್ಲ. ಬಲಗೈಯ ದಪ್ಪ ಕಡ್ಡಿ ಒಂದು ಮಾತಾಡಿದರೆ ಎಡಗೈಯ ತೆಳು ಕಡ್ಡಿ ಅದಕ್ಕೆ ಉತ್ತರ ಕೊಡುತ್ತದೆ. ಇದು ಅಕ್ಷರಶಃ ಡ್ಯೂಯಿ ಹೇಳುವ ಅನುಭವ. ಹಾರ್ವರ್ಡಿನಲ್ಲಿ ಹತ್ತು ಉಪನ್ಯಾಸ ಬೇಕಾದದ್ದನ್ನು ನಮ್ಮ ಕೇರಿಯವರು ಹುಲ್ಲಿನ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮಾಡುತ್ತಾ ಬಂದಿದ್ದಾರೆ.

ಮೂರನೆಯವನು ರೆನ್ವಾ. ದರ್ಜಿಯ ಮಗ, ಹುಡುಗನಾಗಿದ್ದಾಗ ಪಿಂಗಾಣಿ ತಟ್ಟೆಗಳ ಮೇಲೆ ಹೂವು ಬರೆದು ಕೂಲಿ ದುಡಿದವನು. ಬಾರ್ನ್ಸ್ ಕೂಡಿಟ್ಟದ್ದರಲ್ಲಿ ರೆನ್ವಾನ ಚಿತ್ರಗಳೇ 181. ಸೆಜಾನನವು 69, ಮಾತೀಸನವು 59. ಊಟ, ಸ್ನಾನ, ಮಗುವಿಗೆ ಹಾಲೂಡಿಸುವುದು, ಬಟ್ಟೆ ಒಗೆಯುವುದು, ಇಂಥ ದಿನನಿತ್ಯದ ಬದುಕಿನ ಸುಖವನ್ನು ರೆನ್ವಾ ನಾಚಿಕೆಯಿಲ್ಲದೆ ಬರೆದ. ಕಲೆಗೆ ದೇವಾನುದೇವತೆಗಳ ಕತೆ ಬೇಕಿಲ್ಲ ಎಂಬ ಧೈರ್ಯ ಡ್ಯೂಯಿಗೆ ಇಂಥ ಚಿತ್ರಗಳಿಂದ ಸಿಕ್ಕಿತು. ಆದ್ದರಿಂದಲೇ ಅವರ ಪುಸ್ತಕ ಗುಡಿಯಿಂದಲೋ ಅರಮನೆಯಿಂದಲೋ ಶುರುವಾಗುವುದಿಲ್ಲ. ಬೀದಿಯಲ್ಲಿ ಓಡುವ ಬೆಂಕಿ ಆರಿಸುವ ಗಾಡಿ, ನೆಲ ಅಗೆಯುವ ಯಂತ್ರ, ಎತ್ತರದ ತೊಲೆಯ ಮೇಲೆ ನಿಂತು ಕಾದ ಕಬ್ಬಿಣದ ಮೊಳೆ ಎಸೆದು ಹಿಡಿಯುವ ಕೆಲಸಗಾರರು, ಹೂವಿನ ಗಿಡ ನೋಡಿಕೊಳ್ಳುವ ಮನೆಯಾಕೆ, ಇವರನ್ನು ತೋರಿಸಿ ಕಲೆಯ ಬೇರು ಇಲ್ಲಿದೆ ನೋಡಿ ಅನ್ನುತ್ತಾರೆ.

ಬಾರ್ನ್ಸ್ ತನ್ನ ಗೋಡೆಗಳಲ್ಲಿ ಇದನ್ನೇ ಬೇರೆ ರೀತಿ ಮಾಡಿ ತೋರಿಸಿದ. ಸೆಜಾನನ ಚಿತ್ರದ ಪಕ್ಕ, ರೆನ್ವಾನ ಚಿತ್ರದ ತಲೆಯ ಮೇಲೆ, ಬಾಗಿಲ ಕೀಲು, ಬೀಗ, ಚಿಲಕ, ಸೌಟು ಇಂಥ ಕಬ್ಬಿಣದ ಸಾಮಾನುಗಳನ್ನು ಗೋಡೆಗೆ ಹೊಡೆಸಿದ. ಮಾಡಿದ ಕಮ್ಮಾರರ ಹೆಸರು ಯಾರಿಗೂ ಗೊತ್ತಿಲ್ಲ. ಆಫ್ರಿಕಾದ ಕರಿಯರ ಮರದ ಶಿಲ್ಪಗಳನ್ನೂ ಅದೇ ಮರ್ಯಾದೆಯಿಂದ ಇಟ್ಟ. ಕೀಲಿನ ಬಾಗು, ಚಿತ್ರದೊಳಗಿನ ತೋಳಿನ ಬಾಗು ಎರಡನ್ನೂ ಒಟ್ಟಿಗೆ ನೋಡು ಎಂಬುದು ಅವನ ಪಾಠ. ನಮ್ಮ ನೆಲದಲ್ಲಿ ಈ ಮಾತು ತೀರಾ ಹೊಸದಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಹೋಗಿ ಭಿಕ್ಷೆ ಕೇಳುವುದು ಹೊನ್ನಲ್ಲ, ಅನ್ನವಲ್ಲ, ಕಬ್ಬಿಣ. ಕಬ್ಬಿಣವನ್ನು ಭಿಕ್ಷೆಯಾಗಿ ಕೇಳಬಹುದು, ಅದಕ್ಕಾಗಿ ಒಬ್ಬ ಶಿಷ್ಯ ಪ್ರಾಣ ಪಣಕ್ಕಿಡಬಹುದು ಎಂದು ಕಲ್ಪಿಸಿದ ಜನ ನಮ್ಮವರು. ಹನ್ನೆರಡನೇ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಹಿರಿಯರೆಂದು ಎತ್ತಿಹಿಡಿದ ಶರಣರೂ ಕೈಯ ಕೆಲಸ ಬೇರೆ, ಅನುಭವ ಬೇರೆ ಅನ್ನಲಿಲ್ಲ.

ಇಷ್ಟು ಕಲಿತ ಮೇಲೆ ಡ್ಯೂಯಿ ತತ್ವಶಾಸ್ತ್ರದ ಒಂದು ಹಳೇ ಗೋಡೆಗೆ ಕೈಹಾಕಿದರು. ಆಕೃತಿ ಬೇರೆ, ವಸ್ತು ಬೇರೆ, ಆಕೃತಿ ಮೇಲು ಎಂಬ ವಿಚಾರ ಗ್ರೀಕರಿಂದ ಬಂದದ್ದು. ಅದು ಯಾಕೆ ಬಂತು? ಅಲ್ಲಿ ಯೋಚನೆ ಮಾಡುವವರು ಕೈಕೆಲಸ ಮಾಡುತ್ತಿರಲಿಲ್ಲ. ಕೆಲಸಕ್ಕೆ ಗುಲಾಮರಿದ್ದರು. ಸಮಾಜ ಮೊದಲೇ ಎರಡಾಗಿ ಸೀಳಿತ್ತು, ಆ ಸೀಳನ್ನೇ ಸತ್ಯದ ಸ್ವರೂಪ ಎಂದು ತತ್ವಜ್ಞಾನಿಗಳು ಬರೆದಿಟ್ಟರು ಎಂಬುದು ಡ್ಯೂಯಿ ತಮ್ಮ ಹಲವು ಪುಸ್ತಕಗಳಲ್ಲಿ ಬೆಳೆಸಿದ ವಾದ. ಚಿತ್ರಕಾರರು ಆ ಸೀಳನ್ನು ಬಟ್ಟೆಯ ಮೇಲೆ ಹೊಲಿದು ತೋರಿಸಿದ್ದರು. ಆದ್ದರಿಂದ 'ಕಿಚ್ಚು ಇದೆ, ಕಲೆ ಇಲ್ಲ' ಅನ್ನುವವರಿಗೆ ಈಗ ಉತ್ತರ ಸಿಕ್ಕಿತು. ಕಿಚ್ಚನ್ನು ಬಿಟ್ಟು ಕಲೆಯನ್ನು ಬೇರೆ ಎಲ್ಲಿಂದ ತರುತ್ತೀರಿ? ಹಾಗೆಯೇ ನಮ್ಮವರಿಗೂ ಒಂದು ಮಾತು ಹೇಳಬೇಕು. ಆಕೃತಿ ಬೇಡ ಅಂದರೆ ಕಿಚ್ಚೂ ಉಳಿಯುವುದಿಲ್ಲ. ಕಾಯಿಸದ ತಮಟೆಯಲ್ಲಿ ಎಷ್ಟು ಸಿಟ್ಟಿನಿಂದ ಬಡಿದರೂ ಬರುವುದು ಹಸಿ ಸದ್ದೇ. ಚೆನ್ನಾಗಿ ಬರೆಯದ ಸಿಟ್ಟು ಓದುವವನಿಗೆ ಬರೀ ಸುದ್ದಿ.

ಗುಂಡ್ಲುಪೇಟೆಯಂಥ ಊರುಗಳಲ್ಲಿ ಫ್ಲೆಕ್ಸ್ ಬರುವುದಕ್ಕೆ ಮುಂಚೆ ಬೋರ್ಡು ಬರೆಯುವ ಪೇಂಟರುಗಳಿದ್ದರು. ಏಪ್ರಿಲ್ ತಿಂಗಳು ಬಂತೆಂದರೆ ಬಾಬಾಸಾಹೇಬರ ಚಿತ್ರ ಬರೆಸಲು ಕೇರಿ ಕೇರಿಯಿಂದ ಹುಡುಗರು ಹೋಗುತ್ತಿದ್ದರು. ಕೋಟಿಗೆ ಯಾವ ನೀಲಿ? ಕಡುನೀಲಿ ಬಳಿದರೆ ಮುಖ ಕಪ್ಪಿಡುತ್ತದೆ. ತಿಳಿ ಮಾಡಿದರೆ ಕೋಟು ಪೊಲೀಸಿನವರ ಹಾಗೆಯೋ ಶಾಲೆಯ ಮಕ್ಕಳ ಹಾಗೆಯೋ ಕಾಣುತ್ತದೆ. ಕನ್ನಡಕದ ಗಾಜಿಗೆ ಒಂದು ಚೂರು ಬಿಳಿ ಇಟ್ಟರೆ ಕಣ್ಣಿಗೆ ಜೀವ ಬರುತ್ತದೆ. ಆ ಪೇಂಟರು ಮಾತೀಸನ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಒಂದು ಬಣ್ಣ ಇನ್ನೊಂದನ್ನು ಏನು ಮಾಡುತ್ತದೆ ಎಂಬ ಲೆಕ್ಕ ಅವನ ಕೈಗೆ ಗೊತ್ತಿತ್ತು. ಇದನ್ನು ಕಲೆ ಅಂತ ಯಾವ ವಿಮರ್ಶಕ ಬರೆದ? ಇವತ್ತು ಒಂದೇ ಫೋಟೋ ಎಲ್ಲ ಊರಿಗೂ ಮುದ್ರಣವಾಗಿ ಬರುತ್ತದೆ. ಅಗ್ಗ, ಬೇಗ. ಅದರ ಜೊತೆಗೆ ಒಂದು ಕೈಯ ಕಲಿಕೆ ಹೋಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡ್ಯೂಯಿ ಪುಸ್ತಕದಲ್ಲಿ ನಮಗೆ ಹತ್ತಿರವಾದ ಇನ್ನೊಂದು ಮಾತೆಂದರೆ ಮ್ಯೂಸಿಯಂ ಬಗ್ಗೆ ಅವರ ಸಿಟ್ಟು. ಯುರೋಪಿನ ದೊಡ್ಡ ಚಿತ್ರಶಾಲೆಗಳು ರಾಷ್ಟ್ರದ ಜಂಬದಿಂದ, ಸಾಮ್ರಾಜ್ಯದ ಲೂಟಿಯಿಂದ, ಹೊಸ ಶ್ರೀಮಂತರ ಆಡಂಬರದಿಂದ ಬೆಳೆದವು. ಬದುಕಿನಲ್ಲಿ ಬಳಕೆಯಾಗುತ್ತಿದ್ದ ವಸ್ತುವನ್ನು ಕಿತ್ತು ತಂದು ಪೀಠದ ಮೇಲೆ ಇಟ್ಟರು, ಆಮೇಲೆ ಅದಕ್ಕೂ ಬದುಕಿಗೂ ಸಂಬಂಧವಿಲ್ಲ ಎಂಬ ಸಿದ್ಧಾಂತ ಕಟ್ಟಿದರು. ನಮ್ಮ ಕಡೆಯ ಶಾಲೆಗಳ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗುತ್ತಾರೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಹಲ್ದಂಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಮಕ್ಕಳು ಬಾಯಿ ಬಿಟ್ಟು ನಿಲ್ಲುತ್ತಾರೆ. ನಿಲ್ಲಲಿ, ಚೆಲುವಾದ ಚಿತ್ರವೇ. ಯಾವ ಚಿತ್ರಶಾಲೆಗೆ ಹೋದರೂ ಕಾಣುವುದು ಒಂದು ಮಾತು: ಮುಟ್ಟಬೇಡಿ. ಗೆಳೆಯರೇ, ಈ ಮಾತು ನಮಗೆ ಹೊಸದಲ್ಲ. ಅಲ್ಲಿ ವಸ್ತುವನ್ನು ಮುಟ್ಟಬೇಡಿ ಅಂತಾರೆ, ಇಲ್ಲಿ ವಸ್ತು ಮಾಡಿದವನನ್ನು ಮುಟ್ಟಬೇಡಿ ಅಂದರು. ನಾವು ಮಾಡಿದ ಮೊರ, ಮೆಟ್ಟು, ತಮಟೆ ಎಲ್ಲರ ಮನೆ ಬಾಗಿಲಿಗೂ ಹೋದವು. ನಾವು ಹೋಗಲಿಲ್ಲ.

ಇಲ್ಲಿಂದ ಡ್ಯೂಯಿಯವರ ಸಿದ್ಧಾಂತ ನಮ್ಮ ಊರಿನಲ್ಲಿ ಕುಂಟಲು ಶುರುಮಾಡುತ್ತದೆ. ಅವರ ದೊಡ್ಡ ನಂಬಿಕೆ ಏನೆಂದರೆ, ಮನುಷ್ಯರ ನಡುವಿನ ಗೋಡೆಗಳನ್ನು ದಾಟುವ ಶಕ್ತಿ ಕಲೆಗೆ ಎಲ್ಲಕ್ಕಿಂತ ಹೆಚ್ಚಾಗಿದೆ ಎಂಬುದು. ಮಾತು, ಕಾನೂನು ದಾಟದ ಕಡೆ ಕಲೆ ದಾಟುತ್ತದೆ. ಕೇಳುವುದಕ್ಕೆ ಚೆಂದ. ಆದರೆ ನಮ್ಮ ಬೀದಿಯಲ್ಲಿ ನಿಂತು ನೋಡಿ. ಹಬ್ಬದ ದಿನ ತಮಟೆ ಇಲ್ಲದೆ ದೇವರು ಎದ್ದು ಮೆರವಣಿಗೆ ಹೊರಡುವುದಿಲ್ಲ. ಸಾವಿನ ಮನೆಯಲ್ಲಿ ತಮಟೆ ಇಲ್ಲದೆ ಹೆಣ ಏಳುವುದಿಲ್ಲ. ತಲೆತಲಾಂತರದಿಂದ ಆ ಲಯಕ್ಕೆ ಇಡೀ ಊರೇ ಕುಣಿದಿದೆ. ಗೋಡೆ ಬಿತ್ತೆ? ನಮ್ಮ ಕೇರಿಯ ಹಿರಿಯರೊಬ್ಬರು ಇದನ್ನು ಒಂದೇ ಮಾತಲ್ಲಿ ನನಗೆ ಹೇಳಿದರು: 'ತಮಟ ಸದ್ದು ಗುಡಿ ಒಳಕ ಹೋಯ್ತದ ಕನ ಮಗ, ತಮಟ ಬಡ್ಯವ್ನು ಹೋಗಂಗಿಲ್ಲ.' ಡ್ಯೂಯಿ ಕಾಣದ ಜಾಗ ಇದು. ಕಲೆ ಗೋಡೆ ದಾಟಬಹುದು, ಕಲೆಗಾರನನ್ನು ಈಚೆಯೇ ಬಿಟ್ಟು. ಜಾತಿಯ ಜಾಣತನವೇ ಅದು. ಬೆವರಿನ ಫಲವನ್ನು ಒಳಗೆ ಬಿಟ್ಟುಕೊಂಡು ಬೆವರಿದ ಮೈಯನ್ನು ಹೊರಗೆ ನಿಲ್ಲಿಸುವ ಜಾಣತನ.

ಬಾರ್ನ್ಸ್ ಕತೆಯಲ್ಲೂ ಇಂಥದೇ ಒಂದು ಬಿರುಕು ಇದೆ. 1923ರಲ್ಲಿ ಅವನ ಚಿತ್ರಗಳನ್ನು ಫಿಲಡೆಲ್ಫಿಯಾದಲ್ಲಿ ಪ್ರದರ್ಶಿಸಿದಾಗ ಪತ್ರಿಕೆಯವರು ಗೇಲಿ ಮಾಡಿದರು. ಆ ಸಿಟ್ಟಿಗೆ ಅವನು ದೊಡ್ಡಮನುಷ್ಯರಿಗೆಲ್ಲ ಬಾಗಿಲು ಹಾಕಿದ, ಮನಸ್ಸು ಬಂದವರನ್ನು ಮಾತ್ರ ಒಳಗೆ ಬಿಟ್ಟ. ಮ್ಯೂಸಿಯಂ ವಿರುದ್ಧ ಬರೆದ ಪುಸ್ತಕ ಹುಟ್ಟಿದ್ದು ಕಾಂಪೌಂಡು ಹಾಕಿದ ಒಬ್ಬ ಶ್ರೀಮಂತನ ಆಸ್ತಿಯೊಳಗೆ. ಅವನು 1951ರಲ್ಲಿ ಕಾರು ಅಪಘಾತದಲ್ಲಿ ಸತ್ತ. ಟ್ರಸ್ಟಿಗಳನ್ನು ಹೆಸರಿಸುವ ಅಧಿಕಾರವನ್ನು ಕರಿಯರ ವಿದ್ಯಾಸಂಸ್ಥೆಯಾದ ಲಿಂಕನ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದ. ಆಮೇಲೆ ಕೋರ್ಟು ಕಚೇರಿ ನಡೆದು, ಸಂಗ್ರಹ ಎಲ್ಲವೂ ಅವನ ಇಚ್ಛೆಗೆ ವಿರುದ್ಧವಾಗಿ 2012ರಲ್ಲಿ ಫಿಲಡೆಲ್ಫಿಯಾ ನಗರದ ಹೊಸ ಕಟ್ಟಡಕ್ಕೆ ಬಂತು. ಒಡೆತನ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಬಿಟ್ಟು ಕಲೆಯ ಸಿದ್ಧಾಂತ ಕಟ್ಟಿದರೆ ಕೊನೆಗೆ ಹೀಗೇ ಆಗುವುದು.

ಡ್ಯೂಯಿ ಬಿಟ್ಟ ಜಾಗದಿಂದ ಮುಂದಕ್ಕೆ ಹೋದವರು ಅವರ ಇನ್ನೊಬ್ಬ ಶಿಷ್ಯರು. ಪ್ರಜಾಪ್ರಭುತ್ವ ಅಂದರೆ ಕೂಡಿ ಬಾಳುವುದು, ಅನುಭವವನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುವುದು ಎಂಬ ವಿಚಾರವನ್ನು ಬಾಬಾಸಾಹೇಬರು ಮೇಷ್ಟ್ರಿಂದಲೇ ತಗೊಂಡರು. ತಗೊಂಡು ನಮ್ಮ ದೇಶಕ್ಕೆ ಹಿಡಿದು ನೋಡಿದರು. ಇಲ್ಲಿ ಹಂಚಿಕೊಳ್ಳುವ ದಾರಿಗಳನ್ನೇ ಜಾತಿ ಮುಚ್ಚಿದೆ ಎಂದು ತೋರಿಸಿದರು. ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡುವವರನ್ನೇ ಮೆಟ್ಟಿಲು ಮೆಟ್ಟಿಲಾಗಿ ಬೇರ್ಪಡಿಸುತ್ತದೆ ಎಂದು ವಾದಿಸಿದರು. ಇನ್ನೂ ಒಂದು ಮಾತನ್ನು 'ಜಾತಿ ವಿನಾಶ'ದಲ್ಲಿ ಹೇಳಿದ್ದಾರೆ, ನಮ್ಮ ವಿಮರ್ಶೆಗೆ ಅದು ಮುಖ್ಯ. ಹುಟ್ಟಿನಿಂದ ಹೇರಿದ ಕೆಲಸದಲ್ಲಿ ಮನುಷ್ಯನ ಮನಸ್ಸೂ ಇರುವುದಿಲ್ಲ, ಬುದ್ಧಿಯೂ ಇರುವುದಿಲ್ಲ. ತಪ್ಪಿಸಿಕೊಂಡರೆ ಸಾಕು ಅನ್ನಿಸುತ್ತದೆ. ದುಡಿಮೆಯ ಹೊಟ್ಟೆಯಿಂದ ಕಲೆ ಹುಟ್ಟುತ್ತದೆ ಎಂದು ಡ್ಯೂಯಿ ಹೇಳಿದರೆ, ಯಾವ ದುಡಿಮೆ, ಯಾರು ಹೇರಿದ ದುಡಿಮೆ ಎಂದು ಬಾಬಾಸಾಹೇಬರು ಕೇಳಿದ ಹಾಗಾಯಿತು. 1952ರ ಜೂನ್ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಕೊಟ್ಟ ಗೌರವ ಪದವಿ ತಗೊಳ್ಳಲು ಅವರು ನ್ಯೂಯಾರ್ಕಿಗೆ ಹೋದರು. ಆ ಜೂನ್ 1ರಂದೇ ಡ್ಯೂಯಿ ತೀರಿಕೊಂಡಿದ್ದರು. ಗುರುಶಿಷ್ಯರು ಎದುರೆದುರು ಕೂತು ಮುಗಿಸಬೇಕಾದ ಆ ಮಾತನ್ನು ಈಗ ನಾವು ಮುಗಿಸಬೇಕು.

ಈಗ ತಮಟೆಯ ಜಗಳಕ್ಕೆ ಬರೋಣ. 'ತಮಟೆ ಬಿಸಾಕಿ' ಅನ್ನುವ ಹುಡುಗರು ಬಿಸಾಕಲು ಹೇಳುತ್ತಿರುವುದು ಲಯವನ್ನಲ್ಲ, ಚಾಕರಿಯನ್ನು. ಗೌಡರ ಮನೆಯಿಂದ ಆಳು ಬಂದು ಕೂಗಿದ ಕೂಡಲೆ, ಮನೆಯಲ್ಲಿ ಮಗುವಿಗೆ ಜ್ವರ ಇದ್ದರೂ, ಎದ್ದು ಹೋಗಬೇಕಾಗಿದ್ದ ಬಿಟ್ಟಿಯನ್ನು. ಅವರು ಸರಿ. 'ತಮಟೆ ನಮ್ಮ ಕಲೆ, ಬಿಡಬಾರದು' ಅನ್ನುವವರು ಕಾಪಾಡಲು ಹೊರಟಿರುವುದು ಬೆಂಕಿಯ ಮುಂದೆ ಕಿವಿ ಕೊಟ್ಟು ಕಲಿತ ವಿದ್ಯೆಯನ್ನು. ಹೋರಾಟದ ಮೆರವಣಿಗೆಯ ಮುಂದೆ ತಮಟೆ ಹಿಡಿದು ಅದನ್ನು ನಮ್ಮ ದನಿಯಾಗಿ ಮಾಡಿಕೊಂಡವರು ಇವರೇ. ಅವರೂ ಸರಿ. ಆದರೆ ಮೂರನೆಯ ಪಕ್ಷವೊಂದಿದೆ, ಅದರ ಬಗ್ಗೆ ಎಚ್ಚರ ಬೇಕು. ತಮಟೆಯವರಿಗೆ ಒಂದೇ ಬಣ್ಣದ ಅಂಗಿ, ಪೇಟ ಹಾಕಿಸಿ, ಉತ್ಸವದ ವೇದಿಕೆಗೆ ಹತ್ತಿಸಿ, ಹತ್ತು ನಿಮಿಷ ಬಡಿಸಿ, ಹಾರ ಹಾಕಿ ಲಾರಿ ಹತ್ತಿಸಿ ಕಳಿಸುವ ಪಕ್ಷ. ಇದು ಡ್ಯೂಯಿ ಬೈದ ಮ್ಯೂಸಿಯಮ್ಮೇ. ಪೀಠ ಇದೆ, ಬೆಳಕಿದೆ, ಚಪ್ಪಾಳೆಯೂ ಇದೆ. ಅದೇ ತಮಟೆಯವನು ಊರಿಗೆ ವಾಪಸು ಬಂದು ಹೋಟೆಲಿನಲ್ಲಿ ಟೀ ಕೇಳಿದಾಗ ಯಾವ ಲೋಟ ಕೊಡುತ್ತಾರೆ ಎಂದು ಆ ವೇದಿಕೆಯವರು ಕೇಳುವುದಿಲ್ಲ.

ಆದ್ದರಿಂದ ನಮ್ಮ ವಿಮರ್ಶೆ ಪ್ರತಿಯೊಂದು ಕಲೆಯ ಮುಂದೆಯೂ ಎರಡು ಪ್ರಶ್ನೆ ಇಟ್ಟುಕೊಳ್ಳಬೇಕು. ಮೊದಲನೆಯದು ಚಿತ್ರಕಾರರಿಂದ ಡ್ಯೂಯಿ ಕಲಿತ ಪ್ರಶ್ನೆ: ಮಾಡಿದವನು ಮಾಡುತ್ತಾ ಕಿವಿಗೊಟ್ಟಿದ್ದಾನೆಯೇ, ಬಣ್ಣಕ್ಕೆ ಬಣ್ಣ, ಮಾತಿಗೆ ಮಾತು ಉತ್ತರ ಕೊಟ್ಟಿದೆಯೇ? ಇದನ್ನು ಕೇಳದಿದ್ದರೆ ನಮ್ಮ ಪದ್ಯಗಳು ಕರಪತ್ರಗಳಾಗುತ್ತವೆ. ಎರಡನೆಯದು ಬಾಬಾಸಾಹೇಬರಿಂದ ಕಲಿತ ಪ್ರಶ್ನೆ: ಮಾಡಿದವನು ಎಲ್ಲಿ ನಿಂತಿದ್ದಾನೆ, ಒಳಗೋ ಹೊರಗೋ? ಇದನ್ನು ಕೇಳದಿದ್ದರೆ ನಮ್ಮ ವಿಮರ್ಶೆ ಅರಮನೆಯ ಊಳಿಗವಾಗುತ್ತದೆ. ಆಕೃತಿಯ ಪ್ರಶ್ನೆಯನ್ನು ಅವರಿಗೆ ಬಿಟ್ಟುಕೊಟ್ಟು, ನ್ಯಾಯದ ಪ್ರಶ್ನೆಯೊಂದನ್ನೇ ನಾವು ಹಿಡಿದುಕೊಂಡರೆ ಅರ್ಧ ರಾಜ್ಯವನ್ನು ನಾವೇ ಬರೆದುಕೊಟ್ಟ ಹಾಗೆ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. 'ಮಾಡಿ ಕಲಿ' ಎಂದು ಪರೀಕ್ಷೆಗೆ ಓದಿದ್ದೀರಿ. ಚಿತ್ರಕಲೆಯ ಪಿರಿಯಡ್ಡಿನಲ್ಲಿ ಬೆಟ್ಟದ ನಡುವೆ ಸೂರ್ಯ, ಎರಡು ತೆಂಗಿನ ಮರ ಬರೆಸುವುದನ್ನು ಒಂದು ದಿನ ಬಿಡಿ. ಮಕ್ಕಳನ್ನು ಕೇರಿಗೆ, ಕಮ್ಮಾರನ ಕುಲುಮೆಗೆ, ಕುಂಬಾರನ ತಿಗರಿಗೆ, ಕರಿಕಲ್ಲು ಕೊರೆಯುವವರ ಹತ್ತಿರಕ್ಕೆ ಕರೆದುಕೊಂಡು ಹೋಗಿ ಸುಮ್ಮನೆ ನೋಡಲು ಬಿಡಿ. ಎಲ್ಲ ಮಕ್ಕಳನ್ನೂ, ಎಲ್ಲ ಬೀದಿಯ ಮಕ್ಕಳನ್ನೂ. ಇದನ್ನು ಯಾರು ಮಾಡಿದರು, ಹೇಗೆ ಕಲಿತರು, ಅವರ ಮನೆಯಲ್ಲಿ ನೀವು ನೀರು ಕುಡಿಯುತ್ತೀರಾ ಎಂದು ಕೇಳಿ. ಮೊದಲೆರಡು ಪ್ರಶ್ನೆ ಕಲೆಯದು, ಮೂರನೆಯದು ಜಾತಿಯದು ಎಂದು ಯಾರಾದರೂ ಅಡ್ಡಬಂದರೆ, ಮೂರೂ ಒಂದೇ ಪಾಠದವು ಎಂದು ಹೇಳಿ.

ತಮಟೆ ಉಳಿಯಬೇಕೋ ಬೇಡವೋ ಎಂಬುದನ್ನು ಬಡಿಯುವವರೇ ತೀರ್ಮಾನ ಮಾಡಲಿ. ನಾವು ಮಾಡಬೇಕಾದ ಕೆಲಸ, ಆ ತೀರ್ಮಾನ ಅವರ ಕೈಯಲ್ಲೇ ಉಳಿಯುವ ಹಾಗೆ ನೋಡಿಕೊಳ್ಳುವುದು. ಕರೆದಾಗ 'ಇವತ್ತು ಬರಲ್ಲ' ಎಂದು ತಮಟೆಯವನು ಹೇಳಿ, ಅದಕ್ಕಾಗಿ ಅವನ ಮನೆಗೆ ನೀರು, ಕೂಲಿ, ದಾರಿ ಯಾವುದೂ ನಿಲ್ಲದಿದ್ದರೆ, ಆಮೇಲೆ ತನ್ನ ಮನಸ್ಸಿಗೆ ಬಂದ ದಿನ ಅವನು ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಿದರೆ, ಅವತ್ತು ಡ್ಯೂಯಿ ಮೇಷ್ಟ್ರ ಮಾತು ನಮ್ಮ ಊರಿನಲ್ಲೂ ನಿಜವಾಗುತ್ತದೆ.